ಮೊದಲು ಕುಳಿತು ಲೆಕ್ಕ ಹಾಕೋಣ



ನಮ್ಮ ಕಾಸರಗೋಡಿನ ಹಿರಿಯರು ಮುಂಬಯಿಗೆ, ಗಲ್ಫಿಗೆ ದುಡಿಯಲು ಹೋದರು. ಅಲ್ಲಿಂದ ಮನೆಗೆ ಹಣ ಬಂತು. ಇಂದು ಮಕ್ಕಳು ಓದಲು ಹೋಗುತ್ತಾರೆ. ಹಣ ಮನೆಯಿಂದ ಅಲ್ಲಿಗೆ ಹೋಗಬೇಕು. ಈ ವ್ಯತ್ಯಾಸವನ್ನು ನಾವು ಮರೆಯುತ್ತಿದ್ದೇವೆ.

ಮೊನ್ನೆ ಭಾನುವಾರದ ಎರಡನೆಯ ಪೂಜೆಯ ಬಳಿಕ ದಂಪತಿಗಳಿಬ್ಬರು ಮಗನೊಂದಿಗೆ ಬಂದರು. ಹುಡುಗನಿಗೆ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿದೆ. ವೀಸಾಕ್ಕೆ ಅರ್ಜಿ ಹಾಕುವ ಮುನ್ನ ಆಶೀರ್ವಾದ ಬೇಕೆಂದರು. ಪ್ರಾರ್ಥಿಸಿದೆ. ಹುಡುಗ ಹೊರಗೆ ಹೋದಾಗ ತಾಯಿ ಮೆಲ್ಲನೆ ಕೇಳಿದರು: "ಫಾದರ್, ಖಾತೆಯಲ್ಲಿ ತೋರಿಸುವಷ್ಟು ಹಣ ನಮ್ಮಲ್ಲಿಲ್ಲ. ಕಮಿಷನ್ ಕೊಟ್ಟರೆ ಒಂದು ತಿಂಗಳಿಗೆ ಏಜೆಂಟರೇ ಹಾಕಿ ಕೊಡ್ತಾರಂತೆ. ಎಲ್ಲರೂ ಮಾಡುವುದೇ ಅಂತೆ. ಅದರಲ್ಲಿ ತಪ್ಪುಂಟಾ?"

ಬ್ರಿಟನ್ನಿನ ನಿಯಮ ಹೀಗಿದೆ. ಕಟ್ಟಲು ಬಾಕಿಯಿರುವ ಮೊದಲ ವರ್ಷದ ಶುಲ್ಕದ ಜೊತೆಗೆ, ಲಂಡನ್ನಿನ ಹೊರಗೆ ಓದುವವರಾದರೆ ತಿಂಗಳಿಗೆ 1,171 ಪೌಂಡ್‌ನಂತೆ 9 ತಿಂಗಳ ಖರ್ಚು, ಅಂದರೆ 10,539 ಪೌಂಡ್ ತೋರಿಸಬೇಕು. ಅದು ವಿದ್ಯಾರ್ಥಿಯ ಅಥವಾ ಹೆತ್ತವರ ಖಾತೆಯಲ್ಲಿ ಸತತ 28 ದಿನ ಇರಬೇಕು. ಬ್ಯಾಂಕಿನ ಶಿಕ್ಷಣ ಸಾಲವನ್ನೂ ಒಪ್ಪುತ್ತಾರೆ.

ನಾನು ಆ ತಾಯಿಗೆ ಕೇಳಿದ್ದು ಒಂದೇ: "29ನೆಯ ದಿನ ಏಜೆಂಟರು ಹಣ ವಾಪಸು ತೆಗೆದುಕೊಂಡ ಮೇಲೆ ಮಗ ಅಲ್ಲಿ ಏನು ತಿನ್ನುತ್ತಾನೆ?" ತರಗತಿ ನಡೆಯುವ ದಿನಗಳಲ್ಲಿ ಪದವಿ ವಿದ್ಯಾರ್ಥಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಬಾಡಿಗೆ, ಊಟ ಎರಡೂ ಅದರಲ್ಲಿ ಪೂರೈಸುವುದು ಕಷ್ಟ. ಮೋಸವೆಂದು ಸಾಬೀತಾದರೆ 10 ವರ್ಷ ಆ ದೇಶದ ಬಾಗಿಲು ಮುಚ್ಚಬಹುದು. ಅರ್ಜಿಯಲ್ಲಿರುವುದು ಮಗನ ಹೆಸರು, ಏಜೆಂಟರದ್ದಲ್ಲ. ಕೆನಡಾಕ್ಕೆ ಹೋದ ಪಂಜಾಬಿನ ಅನೇಕ ಮಕ್ಕಳು, ಏಜೆಂಟ್ ಕೊಟ್ಟ ಪ್ರವೇಶ ಪತ್ರ ನಕಲಿಯೆಂದು ತಿಳಿದು 2023ರಲ್ಲಿ ಗಡೀಪಾರಿನ ಭಯದಲ್ಲಿ ದಿನ ಕಳೆದದ್ದು ನೆನಪಿರಬಹುದು.

ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ್ದನ್ನು (ಲೂಕ 14:28) ಅವರಿಗೆ ನೆನಪಿಸಿದೆ. ಬಳಿಕ ಹುಡುಗನನ್ನು ಒಳಗೆ ಕರೆದು, ತಂದೆಯೇ ಎಲ್ಲವನ್ನೂ ಹೇಳುವಂತೆ ಮಾಡಿದೆ. ತೋಟದ ಮೇಲೆ ಆಗಲೇ ಇದ್ದ ಸಾಲದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ನನಗೆ ಮೊದಲೇ ಹೇಳಬಹುದಿತ್ತಲ್ಲ ಪಪ್ಪಾ" ಎಂದ. ತಂದೆ ಕಣ್ಣೊರಸಿಕೊಂಡರು.

ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಲು ಹುಡುಗ ವಿಶ್ವವಿದ್ಯಾಲಯವನ್ನು ಕೇಳಿಕೊಂಡಿದ್ದಾನೆ. ಅಷ್ಟರಲ್ಲಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲವನ್ನೂ ವಿಚಾರಿಸುತ್ತಿದ್ದಾನೆ. ಅವನು ಹೋಗುತ್ತಾನೋ ಇಲ್ಲವೋ ಹೇಳಲಾರೆ. ಹೋದರೆ ಭಯವಿಲ್ಲದೆ ಹೋಗುತ್ತಾನೆ.

ಪ್ರಿಯ ಹೆತ್ತವರೇ, ಮಕ್ಕಳಿಗೆ ಕಷ್ಟ ಗೊತ್ತಾಗಬಾರದೆಂದು ನಾವು ಲೆಕ್ಕ ಮುಚ್ಚಿಡುತ್ತೇವೆ. ಅದು ಪ್ರೀತಿಯೇ, ನಿಜ. ಆದರೆ ಆ ಕಷ್ಟ ಅವರಿಗೆ ಪರದೇಶದ ಕೋಣೆಯಲ್ಲಿ, ಒಬ್ಬರೇ ಇರುವಾಗ ಗೊತ್ತಾಗುವುದು ಬೇಡ. ಏಜೆಂಟರ ಕಚೇರಿಗೆ ಹೋಗುವ ಮುನ್ನ, ಒಂದು ಸಂಜೆ ಜಪಸರದ ಬಳಿಕ ಮನೆಯವರೆಲ್ಲ ಕುಳಿತು ಪಾಸ್‌ಬುಕ್ ತೆರೆಯಿರಿ.

ದೇವರು ನಮ್ಮ ಮಕ್ಕಳ ದಾರಿಯನ್ನು ಹರಸಲಿ.