ಸಣ್ಣ ಬೆಳೆಗಾರನ ಸಂಘಬಲ

ಚೆನ್ನೈಯ ಹೋಟೆಲುಗಳಲ್ಲಿ ನಿತ್ಯವೂ ಡಿಕಾಕ್ಷನ್ ಇಳಿಸುವ ನಮ್ಮವರು, ಆ ಬೀಜವನ್ನು ಬೆಳೆದ ಕೊಡಗು, ಚಿಕ್ಕಮಗಳೂರುಗಳ ಸಣ್ಣ ಬೆಳೆಗಾರನನ್ನೂ ನೆನೆಯಬೇಕು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1996ರಲ್ಲಿ ಕೊನೆಗೊಂಡ ಮೇಲೆ ಅವನು ಮಾರುಕಟ್ಟೆಯ ಏರಿಳಿತಕ್ಕೆ ಒಬ್ಬಂಟಿಯಾಗಿ ಎದೆಯೊಡ್ಡಬೇಕಾಗಿದೆ. ಸಾಲ ತೀರಿಸುವ ಅವಸರದಲ್ಲಿ ವ್ಯಾಪಾರಿ ಹೇಳಿದ ಬೆಲೆಗೇ ಫಸಲನ್ನು ಒಪ್ಪಿಸುತ್ತಾನೆ. ಸಹಕಾರ ಸಂಘವು ದಾಸ್ತಾನಿನ ಮೇಲೆ ಮುಂಗಡವಿತ್ತು, ಒಳ್ಳೆಯ ಬೆಲೆ ಬಂದಾಗ ಒಟ್ಟಾಗಿ ಮಾರಿದರೆ, ಲಾಭವು ಊರಿನಲ್ಲೇ ಉಳಿಯುವುದು. ಆದರೆ ಬೆಲೆಯೇರಿದೊಡನೆ ಸದಸ್ಯರೇ ಹೊರಗೆ ಮಾರತೊಡಗಿದರೆ ಸಂಘ ನಿಲ್ಲದು.

1957ರಲ್ಲಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಅಲ್ಲಿನ ನೌಕರರು ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಲೋಟ ತೊಳೆದ ಕೈಗಳಿಗೆ ಸಾಧ್ಯವಾದುದು ಹಣ್ಣು ಕೊಯ್ಯುವ ಕೈಗಳಿಗೂ ಸಾಧ್ಯವೆಂದು ನಾವು ನಂಬುತ್ತೇವೆ. ಊರಿನಲ್ಲಿ ತೋಟವುಳ್ಳ ಬಂಧುಗಳಿಗೆ ವಾಚಕರು ಈ ಮಾತನ್ನು ತಿಳಿಸಲಿ.