ರಾತ್ರಿಯ ಸೆಕೆಗೆ ಲೆಕ್ಕವಿಲ್ಲವೇ?

ಬೇಸಿಗೆಯಲ್ಲಿ ನಮ್ಮ ಕೋಲಾರದ ಕಡೆ ಟ್ರೇಯ ಟೊಮೆಟೊ ಸಸಿ ಸಣಕಲಾಗಿ ಉದ್ದಕ್ಕೆ ಎದ್ದರೆ ರೈತರು ನರ್ಸರಿಯವನನ್ನೇ ಬೈಯುತ್ತಾರೆ. ಬೈಸಿಕೊಂಡವನಾಗಿ ಹೇಳುತ್ತೇನೆ: ಸೆಕೆಯ ಪಾಲೂ ಇದೆ. ಗಿಡದೊಳಗಿನ ಫೈಟೋಕ್ರೋಮ್ ಬಿ ಎಂಬ ಪ್ರೋಟೀನು ಬೆಳಕನ್ನಷ್ಟೇ ಅಲ್ಲ, ಶಾಖವನ್ನೂ ಗುರುತಿಸುತ್ತದೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಗಲಿನ ಬೆಳಕಿಗೆ ಚುರುಕಾಗುವ ಅದು ಕತ್ತಲಲ್ಲಿ ಮಂಕಾಗುತ್ತದೆ. ರಾತ್ರಿ ಬಿಸಿಯಿದ್ದಷ್ಟೂ ಬೇಗ. ಅದರ ಹಿಡಿತ ಸಡಿಲಿದಾಗ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್ ಹೆಚ್ಚಿ ಕಾಂಡ ನೀಳವಾಗುತ್ತದೆ, ಎಲೆತೊಟ್ಟು ಮೇಲೇಳುತ್ತದೆ. ಗಿಡಕ್ಕಿದು ಮೈ ತಂಪಾಗಿಸಿಕೊಳ್ಳುವ ಉಪಾಯ, ಗಿರಾಕಿಗೆ ದೋಷ!

ರಾತ್ರಿಯ ಸೆಕೆ ಸಸಿಯನ್ನಷ್ಟೇ ಅಲ್ಲ, ಇಳುವರಿಯನ್ನೂ ತಟ್ಟುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ರಾತ್ರಿಯ ಉಷ್ಣಾಂಶ 1 ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10 ಕುಸಿಯುವುದು 2004ರಲ್ಲೇ ವರದಿಯಾಗಿದೆ. ಆದರೂ ನಾನು ಕಂಡ ಬೀಜದ ಪೊಟ್ಟಣಗಳಲ್ಲಿ ರಾತ್ರಿಯ ಸುದ್ದಿಯೇ ಇಲ್ಲ. ತಳಿ ಬಿಡುಗಡೆ ಮಾಡುವವರು ಎಷ್ಟು ಬಿಸಿಯ ರಾತ್ರಿಯನ್ನು ಅದು ತಡೆದೀತೆಂದು ಅಚ್ಚು ಹಾಕಲಿ.