ಎಚ್ಚರಿಕೆಯ ಬಾಯಿ ಮುಚ್ಚಬೇಕೆ?

ಮಲ್ಕಾಜ್‌ಗಿರಿ ಜಂಕ್ಷನ್ನಿನ ಕೆಂಪುದೀಪಕ್ಕೆ ಬಟ್ಟೆ ಹೊದಿಸಿದ ಮಾತ್ರಕ್ಕೆ ಹಳಿ ತೆರವಾಗುವುದಿಲ್ಲ. ಪೈಥಾನ್ ಎಂಬ ಗಣಕಭಾಷೆಯನ್ನು ಕಲಿಯುವ ವಿದ್ಯಾರ್ಥಿಗಳು ಇದನ್ನು ನೆನೆಯಬೇಕು. ಅದರ ಪ್ಯಾಕೇಜುಗಳು ಒಂದನ್ನೊಂದು ಆಶ್ರಯಿಸಿರುತ್ತವೆ. ಒಂದು ಪ್ಯಾಕೇಜು ಮೂರನೆಯದೊಂದರ ಹಳೆಯ ಆವೃತ್ತಿಯನ್ನೂ, ಇನ್ನೊಂದು ಅದರ ಹೊಸ ಆವೃತ್ತಿಯನ್ನೂ ಬೇಡಿದಾಗ, ಅವನ್ನು ತಂದು ಸ್ಥಾಪಿಸುವ ‘ಪಿಪ್’ ನಮ್ಮನ್ನು ಎಚ್ಚರಿಸುತ್ತದೆ. ಆ ನುಡಿಯನ್ನು ಅಡಗಿಸುವ ಆದೇಶವೂ ಉಂಟು. ಅದರಿಂದ ಪರದೆ ಶುಭ್ರವಾದೀತೇ ಹೊರತು ವೈಷಮ್ಯ ಅಳಿಯದು. ಒಂದೇ ಗಣಕವನ್ನು ಹಲವರು ಬಳಸುವ ಶಾಲೆಯಲ್ಲಿ ಒಬ್ಬರ ಅಸಡ್ಡೆ ಇನ್ನೊಬ್ಬರ ಕೆಲಸವನ್ನು ಕೆಡಿಸುತ್ತದೆ.

2012ರ ಪೈಥಾನ್ 3.3ರಿಂದ ‘ವೆನ್ವ್’ ಎಂಬ ಸಾಧನ ಜೊತೆಗೇ ದೊರೆಯುತ್ತಿದೆ. ಅದು ಪ್ರತಿಯೊಂದು ಕಾರ್ಯಕ್ಕೂ ಪ್ರತ್ಯೇಕ ಕೋಣೆಯನ್ನು ಕಟ್ಟಿಕೊಡುತ್ತದೆ. ಬಳಸಿದ ಆವೃತ್ತಿಗಳನ್ನು ಪಟ್ಟಿಮಾಡಿ ಇಡುವುದೂ ಅವಶ್ಯ. ಕಾರಣವನ್ನರಿತು, ನಿರಪಾಯವೆಂದು ದೃಢಪಟ್ಟ ಎಚ್ಚರಿಕೆಯನ್ನು ಮಾತ್ರ ಮೌನಗೊಳಿಸುವುದು ಉಚಿತವೆಂದು ನನ್ನ ಅಭಿಪ್ರಾಯ.